ಹಿಂದೆ ನಿಲ್ಲುವವರ ಆಟ

ಹಾಸನದ ಒಂದು ಶಾಲೆಯ ಮೈದಾನದಲ್ಲಿ ಐವರ ಫುಟ್‌ಬಾಲ್ ಪಂದ್ಯ. ನಮ್ಮ ಹುಡುಗರನ್ನು ತಯಾರು ಮಾಡಿದವನು ನಾನೇ. ಚೆಂಡು ಬಲಗಡೆ ಹೋದರೆ ನಾಲ್ವರೂ ಬಲಗಡೆ, ಎಡಗಡೆ ಹೋದರೆ ನಾಲ್ವರೂ ಎಡಗಡೆ, ಬೆಲ್ಲಕ್ಕೆ ಮುತ್ತಿದ ಇರುವೆಗಳ ಹಾಗೆ! ಗೆರೆಯಾಚೆ ನಿಂತ ಅಪ್ಪಂದಿರು 'ಓಡೋ, ಹೊಡಿಯೋ' ಎಂದು ಕೂಗುತ್ತಿದ್ದರು. ಎದುರು ತಂಡದ ಒಬ್ಬ ಹುಡುಗ ಮಾತ್ರ ಖಾಲಿ ಜಾಗ ನೋಡಿ ಸುಮ್ಮನೆ ನಿಂತಿದ್ದ. ಚೆಂಡು ಅವನ ಕಾಲಿಗೆ ಬಂದಾಗಲೆಲ್ಲ ಗೋಲು. ಕೊನೆಗೆ ಎಲ್ಲರೂ ಬೈದದ್ದು ನಮ್ಮ ಗೋಲ್‌ಕೀಪರನನ್ನು. ಅವನು ಗೋಡೆಯ ಪಕ್ಕ ಕುಳಿತು ಅತ್ತ. ತಪ್ಪು ಅವನದಲ್ಲ, ನನ್ನದು. ಚೆಂಡು ಒದೆಯುವುದನ್ನು ಕಲಿಸಿದ್ದೆ, ಎಲ್ಲಿ ನಿಲ್ಲಬೇಕೆಂಬುದನ್ನು ಕಲಿಸಿರಲಿಲ್ಲ.

ಹಾಗೆಂದು ಇದು ನಮ್ಮ ಮಕ್ಕಳಿಗೆ ಗೊತ್ತಿಲ್ಲದ ವಿದ್ಯೆಯೇನೂ ಅಲ್ಲ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಮಕ್ಕಳಿಗೆ ಕಬಡ್ಡಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ರೈಡರ್ ಒಳಗೆ ಬಂದ ಕೂಡಲೇ ಏಳೂ ಜನ ಅವನ ಮೇಲೆ ಬೀಳುತ್ತಾರೆಯೆ? ಇಲ್ಲ. ಕಾರ್ನರಿನವನು ಹಿಂದೆ ಸರಿದು ಕಾಯುತ್ತಾನೆ. ಸಮಯ ನೋಡಿ ಕಾಲು ಹಿಡಿಯುತ್ತಾನೆ. ಅದೇ ಗಳಿಗೆಗೆ ಕವರಿನವನು ನುಗ್ಗಿ ದಾರಿ ಮುಚ್ಚುತ್ತಾನೆ. ಆತುರಪಟ್ಟು ಒಬ್ಬನೇ ಹಾರಿದವನು ಔಟ್. ಫುಟ್‌ಬಾಲಿನ ರಕ್ಷಣೆಯೂ ಇದೇ. ಒಬ್ಬ ಎದುರಿಸಬೇಕು, ಒಬ್ಬ ಅವನ ಬೆನ್ನಿಗೆ ನಿಲ್ಲಬೇಕು, ಉಳಿದವರು ಖಾಲಿ ಜಾಗ ಕಾಯಬೇಕು.

ಗೋಲ್‌ಕೀಪರನನ್ನು ಬಿಟ್ಟರೆ ಉಳಿಯುವವರು ನಾಲ್ವರು. ಅವರನ್ನು ಗಾಳಿಪಟದ ಆಕಾರದಲ್ಲಿ ನಿಲ್ಲಿಸಿ: ಹಿಂದೆ ಒಬ್ಬ, ಎಡಬಲಕ್ಕೆ ಒಬ್ಬೊಬ್ಬ, ಮುಂದೆ ಒಬ್ಬ. ಎದುರಾಳಿ ಬಲಗಡೆಯಿಂದ ಚೆಂಡು ತಂದನೆನ್ನಿ. ಬಲಗಡೆಯ ಹುಡುಗ ಅವನತ್ತ ಓಡಬೇಕು, ಆದರೆ ಒಂದು ತೋಳಿನಷ್ಟು ದೂರದಲ್ಲಿ ನಿಂತುಬಿಡಬೇಕು. ಮೈಯನ್ನು ಓರೆಮಾಡಿ ಎದುರಾಳಿಯನ್ನು ಅಂಚಿನ ಗೆರೆಯತ್ತ ತಳ್ಳುತ್ತಾ ಹೋಗಬೇಕು. ಹಿಂದಿನವನು ನಾಲ್ಕು ಹೆಜ್ಜೆ ಸರಿದು ಅವನ ಬೆನ್ನಿಗೆ ಬರಬೇಕು. ಎಡಗಡೆಯವನು ತನ್ನ ಗೆರೆಯಲ್ಲೇ ಅಂಟಿಕೊಳ್ಳದೆ ಮಧ್ಯಕ್ಕೆ ಬರಬೇಕು. ಮುಂದಿನವನು ಇಳಿದು ನಡುವಿನ ಪಾಸನ್ನು ತಡೆಯಬೇಕು. ಚೆಂಡು ಎಡಕ್ಕೆ ಹೋದರೆ ಇದೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು. ಜಮಖಾನದ ನಾಲ್ಕು ಮೂಲೆ ಹಿಡಿದು ಸಾಗಿಸುವವರಂತೆ ನಾಲ್ವರೂ ಒಟ್ಟಿಗೆ ಸರಿಯಬೇಕು. ಒಬ್ಬ ನಿಂತರೂ ಜಮಖಾನ ಹರಿಯುತ್ತದೆ. ತೀರ ಚಿಕ್ಕವರಿಗೆ ಇದು ಕಷ್ಟವೆನಿಸಿದರೆ ಹಿಂದೆ ಇಬ್ಬರು, ಮುಂದೆ ಇಬ್ಬರು ಎಂದು ಚೌಕವಾಗಿ ನಿಲ್ಲಿಸಿದರೂ ಸಾಕು.

ಐವರ ಆಟಕ್ಕೆ ನಿಯಮಬದ್ಧ ರೂಪವಾದ ಫುಟ್‌ಸಾಲ್‌ನಲ್ಲಿ ಅಂಗಣ ಸುಮಾರು 40 ಮೀಟರ್ ಉದ್ದ, 20 ಮೀಟರ್ ಅಗಲ. ಅಲ್ಲಿ ಆಫ್‌ಸೈಡ್ ಇಲ್ಲ. ಎದುರಾಳಿ ನಿಮ್ಮ ಗೋಲಿನ ಬಾಯಲ್ಲೇ ನಿಂತು ಕಾಯಬಹುದು. ಆದ್ದರಿಂದಲೇ ಹಿಂದಿನ ಹುಡುಗ ಉತ್ಸಾಹದಲ್ಲಿ ಮುಂದೆ ಓಡಿದರೆ ಬೇರೊಬ್ಬ ಅವನ ಜಾಗಕ್ಕೆ ಇಳಿಯಲೇಬೇಕು.

ಕಲಿಸುವುದಕ್ಕೆ ದೊಡ್ಡ ಸಲಕರಣೆ ಬೇಡ. ಇಪ್ಪತ್ತು ಹೆಜ್ಜೆ ಉದ್ದ, ಹದಿನೈದು ಹೆಜ್ಜೆ ಅಗಲದ ಜಾಗಕ್ಕೆ ನಾಲ್ಕು ಮೂಲೆಯಲ್ಲಿ ತೆಂಗಿನ ಚಿಪ್ಪು ಇಡಿ. ನಾಲ್ವರು ಹೊರಗೆ ನಿಂತು ಚೆಂಡನ್ನು ಕೈಯಿಂದಲೇ ಒಬ್ಬರಿಗೊಬ್ಬರು ಎಸೆಯಲಿ. ಒಳಗಿನ ನಾಲ್ವರು ಚೆಂಡನ್ನು ಮುಟ್ಟಬಾರದು, ಬರೀ ಸರಿಯಬೇಕು. ನಡುನಡುವೆ ಸೀಟಿ ಊದಿ. ಎಲ್ಲರೂ ಇದ್ದಲ್ಲೇ ನಿಂತು ನೋಡಿಕೊಳ್ಳಲಿ: ಚೆಂಡಿನ ಎದುರು ಯಾರಿದ್ದಾರೆ, ಅವನ ಬೆನ್ನಿಗೆ ಯಾರು? ಇದು ಕೂಡಿಬಂದ ಮೇಲೆ ಕಾಲಿನಿಂದ ಆಡಿಸಿ, ಚೆಂಡು ಕಸಿಯಲು ಬಿಡಿ.

ಇನ್ನು ಪೋಷಕರಿಗೆ ಒಂದು ಮಾತು. ಆಡಲು ಬಾರದವನನ್ನು ಹಿಂದೆ ನಿಲ್ಲಿಸುವುದು ನಮ್ಮಲ್ಲಿ ರೂಢಿ. ಹಾಗೆ ನಿಂತ ಮಗು ತಾನು ಯಾತಕ್ಕೂ ಬೇಡದವನೆಂದು ತಿಳಿದುಕೊಳ್ಳುತ್ತದೆ. ಸರದಿಯ ಮೇಲೆ ಎಲ್ಲರೂ ಎಲ್ಲ ಜಾಗದಲ್ಲೂ ಆಡಲಿ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಗೋಲು ಹೊಡೆದವರ ಹೆಸರು ನೆನಪಿರುತ್ತದೆ, ಸರಿ. ಆದರೆ ಆ ಒಂದು ಗೋಲಿನ ಅಂತರ ಕೊನೆಯ ಸೀಟಿಯವರೆಗೆ ಉಳಿಯಬೇಕಾದರೆ ಹಿಂದೆ ನಿಂತವರು ಎಷ್ಟು ಬೆವರು ಸುರಿಸಿರಬೇಕು?

ಮುಂದಿನ ಪಂದ್ಯವನ್ನೂ ನಾವು ಸೋತೆವು. ಆದರೆ ಬಿದ್ದದ್ದು ಒಂದೇ ಗೋಲು. ಇಡೀ ಮೈದಾನ ಕಾಣುವುದು ಗೋಲ್‌ಕೀಪರನಿಗೆ ತಾನೆ? ಹಾಗಾಗಿ ಕೂಗಿ ಹೇಳುವ ಕೆಲಸವನ್ನು ಆ ಹುಡುಗನಿಗೇ ವಹಿಸಿದ್ದೆ. 'ಬಲಕ್ಕೆ! ಬೆನ್ನಿಗೆ ನಿಲ್ಲೋ!' ಎಂದು ಕೂಗಿ ಕೂಗಿ ಅವನ ಗಂಟಲು ಕಟ್ಟಿತ್ತು. ಅಂದು ಅವನು ಅಳಲಿಲ್ಲ.

ಮಗು ಆಡಿ ಮನೆಗೆ ಬಂದಾಗ 'ಎಷ್ಟು ಗೋಲು ಹೊಡೆದೆ?' ಎಂದು ಕೇಳುವುದು ಇದ್ದೇ ಇದೆ. ಒಮ್ಮೆ 'ಇವತ್ತು ಯಾರ ಬೆನ್ನಿಗೆ ನಿಂತಿದ್ದೆ?' ಎಂದು ಕೇಳಿ ನೋಡಿ.