ತೊಟ್ಟಿಯ ತಳದ ಹರಳು

ನಮ್ಮ ಶಾಲೆಯ ವಿಜ್ಞಾನದ ಕೋಣೆಯಲ್ಲಿ ಒಂದು ಗಾಜಿನ ಮೀನುತೊಟ್ಟಿಯಿರುವುದನ್ನು ಎಲ್ಲರೂ ಬಲ್ಲರು. ಮೂರು ಅಡಿ ಉದ್ದ, ಒಂದು ಅಡಿ ಅಗಲ, ಒಂದೂವರೆ ಅಡಿ ಎತ್ತರದ ಈ ತೊಟ್ಟಿಯನ್ನು ಹಳೆಯ ವಿದ್ಯಾರ್ಥಿಗಳು ಪ್ರೀತಿಯಿಂದ ಕೊಟ್ಟು ಆರು ವರ್ಷಗಳಾದುವು. ಈ ಸಲದ ವಾರ್ಷಿಕೋತ್ಸವದ ಸಿದ್ಧತೆಗಾಗಿ ಸೇರಿದ ಸಭೆಯಲ್ಲಿ ಗೋಡೆಗೆ ಸುಣ್ಣ, ಬೆಂಚುಗಳಿಗೆ ಬಣ್ಣ ಎಂಬ ಮಾತುಗಳ ನಡುವೆ, ತೊಟ್ಟಿಯ ತಳದ ಹರಳುಕಲ್ಲುಗಳು ಕಂದಿವೆ, ಅವನ್ನು ತೆಗೆದು ಹೊಸವನ್ನು ಹಾಕಿಸಬೇಕು ಎಂಬ ಸೂಚನೆಯೂ ಬಂದಿತು. ಸೂಚನೆ ಯೋಗ್ಯವಾದುದೇ. ಆದರೆ ಉತ್ಸವದ ಮುನ್ನಾದಿನ ಒಂದೇ ಸಂಜೆಯಲ್ಲಿ ಆ ಕೆಲಸವನ್ನು ಮುಗಿಸಿಬಿಡಬೇಕೆಂಬುದನ್ನು ನಾವು ಒಪ್ಪಲಾರದೆ ಹೋದೆವು. ಸಭೆ ನಿರ್ಣಯವನ್ನು ಮುಂದೂಡಿತು. ಅಂದು ವಿವರವಾಗಿ ಹೇಳಲು ಸಮಯ ಸಾಲದಿದ್ದುದರಿಂದ ನಮ್ಮ ಅಭಿಪ್ರಾಯವನ್ನು ಈ ಪುಟಗಳಲ್ಲಿ ವಾಚಕರ ಮುಂದಿಡುತ್ತಿದ್ದೇವೆ. ಕನ್ನಡ ಪಾಠ ಹೇಳುವವರಿಗೆ ಮೀನಿನ ಗೊಡವೆಯೇಕೆ ಎಂದು ಕೆಲವರು ನಗಬಹುದು. ಗೊಡವೆಗೆ ಕಾರಣವಿದೆ.

ಮೂರು ವರ್ಷಗಳ ಹಿಂದೆ ಇದೇ ಕೆಲಸವನ್ನು ನಾವೇ ಮುಂದೆ ನಿಂತು ಮಾಡಿಸಿದ್ದೆವು. ವಿಜ್ಞಾನದ ಅಧ್ಯಾಪಕರು ಅಂದು ರಜೆಯಲ್ಲಿದ್ದರು. ಏಳನೆಯ ತರಗತಿಯ ಮಕ್ಕಳನ್ನು ಸೇರಿಸಿಕೊಂಡು ಒಂದು ಶುಕ್ರವಾರ ಸಂಜೆ ಹದಿನಾಲ್ಕು ಮೀನುಗಳನ್ನೂ ಬಕೆಟ್ಟಿಗೆ ಹಾಕಿದೆವು. ಹಳೆಯ ಹರಳನ್ನೆಲ್ಲ ಬಾಚಿ ಹೊರಗೆ ಸುರಿದೆವು. ಗಾಜನ್ನು ತಿಕ್ಕಿ, ತಳದಲ್ಲಿದ್ದ ಫಿಲ್ಟರಿನ ಜಾಲರಿಯನ್ನು ನಲ್ಲಿಯ ನೀರಿನಲ್ಲಿ ಥಳಥಳನೆ ತೊಳೆದೆವು. ಕಲ್ಲಿನ ಅಂಗಡಿಯಿಂದ ತಂದ ಬಿಳಿಯ ಚೂರುಗಳನ್ನು ಹರಡಿ, ನಲ್ಲಿಯ ನೀರನ್ನೇ ತುಂಬಿ, ಮೀನುಗಳನ್ನು ಬಿಟ್ಟೆವು. ಶನಿವಾರದ ಉತ್ಸವಕ್ಕೆ ಬಂದ ಅತಿಥಿಗಳು ತೊಟ್ಟಿಯ ಮುಂದೆ ನಿಂತು ತಲೆದೂಗಿದರು, ಛಾಯಾಚಿತ್ರವನ್ನೂ ತೆಗೆದರು. ಸೋಮವಾರ ಬೆಳಿಗ್ಗೆ ಮೀನುಗಳೆಲ್ಲ ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದುವು. ಗುರುವಾರದ ವೇಳೆಗೆ ಒಂಬತ್ತು ಮೀನುಗಳು ಸತ್ತಿದ್ದುವು.

"ಸರ್, ನಾವು ಎಲ್ಲವನ್ನೂ ಚೆನ್ನಾಗಿಯೇ ತೊಳೆದಿದ್ದೆವಲ್ಲ?" ಎಂದು ಆ ತರಗತಿಯ ಒಬ್ಬ ಹುಡುಗಿ ಕೇಳಿದಳು.

ಮೀನುಗಳಿಗೆ ವಯಸ್ಸಾಗಿತ್ತು, ಎಂದೆವು ನಾವು. ಅಜ್ಞಾನದಿಂದ ಬಂದ ಮಾತು, ಆದರೂ ಸುಳ್ಳು. ಪ್ರಶ್ನೆ ಕೇಳಿದವಳಿಗೆ ಉತ್ತರ ತಿಳಿಯದೆಂದು ಹೇಳಲು ನಮಗೆ ಧೈರ್ಯ ಸಾಲಲಿಲ್ಲ. ಆ ಬಳಿಕ ಪುಸ್ತಕಗಳನ್ನು ತಿರುವಿ, ಕುರ್ಲಾದಲ್ಲಿ ಬಣ್ಣದ ಮೀನು ಮಾರುವವರ ಮುಂದೆ ಎಷ್ಟೋ ಭಾನುವಾರ ನಿಂತು, ವಿಜ್ಞಾನದ ಅಧ್ಯಾಪಕರನ್ನು ಕಾಡಿ ಕಲಿತದ್ದು ಇಷ್ಟು: ಮೀನುಗಳು ಸತ್ತದ್ದು ನಾವು ಚೆನ್ನಾಗಿ ತೊಳೆದುದರಿಂದಲೇ.

ತಪ್ಪು ಎಲ್ಲಿಂದ ಬಂದಿತೆಂದು ಯೋಚಿಸಿದರೆ ನಮ್ಮ ಊರಿನ ಬಾವಿ ನೆನಪಾಗುತ್ತದೆ. ಕರಾವಳಿಯ ನಮ್ಮ ಮನೆಯಲ್ಲಿ ಬೇಸಗೆಯ ಕೊನೆಗೆ ಬಾವಿಯ ನೀರು ಇಳಿದಾಗ ಆಳುಗಳು ಇಳಿದು ತಳದ ಕೆಸರನ್ನೆಲ್ಲ ಬುಟ್ಟಿಯಲ್ಲಿ ಮೇಲಕ್ಕೆ ಕಳಿಸುತ್ತಿದ್ದರು. ಸೊಳ್ಳೆಯ ಮರಿಗಳನ್ನು ತಿನ್ನಲೆಂದು ಬಿಟ್ಟ ಮೀನುಗಳು ಆ ಹೊತ್ತು ಕೊಡಪಾನದಲ್ಲಿರುತ್ತಿದ್ದುವು. ಮರುದಿನ ಮತ್ತೆ ಬಾವಿಗೆ. ಅವಕ್ಕೇನೂ ಆಗುತ್ತಿರಲಿಲ್ಲ. ಆದರೆ ಬಾವಿಗೆ ಒರತೆಯಿದೆ, ಸುತ್ತಲೂ ಮಣ್ಣಿದೆ, ಕೊಡಗಟ್ಟಲೆ ನೀರು ನಿತ್ಯವೂ ಹೊರಗೆ ಹೋಗಿ ಅಷ್ಟೇ ಹೊಸ ನೀರು ಒಳಗೆ ಬರುತ್ತದೆ. ಅಷ್ಟು ನೀರಿಗೆ ಮೀನುಗಳೋ ಒಂದೆರಡು. ಗಾಜಿನ ತೊಟ್ಟಿಗೆ ಒರತೆಯಿಲ್ಲ. ಸುಮಾರು ನೂರು ಲೀಟರು ನೀರಿನಲ್ಲಿ ಹದಿನಾಲ್ಕು ಜೀವಗಳು ಉಂಡು, ಉಸಿರಾಡಿ, ಮಲ ವಿಸರ್ಜಿಸಿ, ಮತ್ತೆ ಅದೇ ನೀರಿನಲ್ಲಿ ಬದುಕಬೇಕು. ಬಾವಿಯ ವಿವೇಕವನ್ನು ತೊಟ್ಟಿಗೆ ತಂದದ್ದು ನಮ್ಮ ಮೊದಲ ಅವಿವೇಕ.

ಹಾಗಾದರೆ ಆ ನೀರು ವರ್ಷಗಟ್ಟಲೆ ಕೆಡದೆ ಉಳಿಯುವುದು ಹೇಗೆ? ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯವನ್ನು ಸದಾ ಹೊರಗೆ ಬಿಡುತ್ತಿರುತ್ತದೆ. ತಿನ್ನದೆ ಉಳಿದ ಆಹಾರವೂ ಮಲವೂ ಕೊಳೆತಾಗಲೂ ಅಮೋನಿಯವೇ ಹುಟ್ಟುತ್ತದೆ. ಅಮೋನಿಯ ಮೀನಿಗೆ ವಿಷ. ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟಾಗಿ ಮಾರ್ಪಡಿಸುತ್ತವೆ. ನೈಟ್ರೈಟೂ ವಿಷವೇ, ಮೀನಿನ ರಕ್ತವು ಆಮ್ಲಜನಕವನ್ನು ಹೊರುವ ಶಕ್ತಿಯನ್ನೇ ಅದು ಕೆಡಿಸುತ್ತದೆ. ಇನ್ನೊಂದು ಬಗೆಯವು ಆ ನೈಟ್ರೈಟನ್ನು ನೈಟ್ರೇಟಾಗಿ ಮಾಡುತ್ತವೆ. ಇದರ ಬಾಧೆ ಬಹಳ ಕಡಿಮೆ. ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಾಯಿಸಿದರೆ ಸಾಕು. ಈ ಸೂಕ್ಷ್ಮಜೀವಿಗಳನ್ನು 1890ರ ಸುಮಾರಿಗೆ ಬೇರ್ಪಡಿಸಿ ಬೆಳೆಸಿ ತೋರಿಸಿದವನು ವಿನೊಗ್ರಾಡ್ಸ್ಕಿ ಎಂಬ ರಷ್ಯದ ವಿಜ್ಞಾನಿ. ತೊಟ್ಟಿಗಳಲ್ಲಿ ಎರಡನೆಯ ಕೆಲಸವನ್ನು ಮಾಡುವುದು ಬಹುಮಟ್ಟಿಗೆ ನೈಟ್ರೊಸ್ಪೈರ ಎಂಬ ಕುಲವೆಂದು ತಿಳಿದುಬಂದುದು 1998ರಲ್ಲಿ. ಎರಡೂ ಕೆಲಸಗಳನ್ನು ಒಂದೇ ಜೀವಿ ಮಾಡುವುದೂ ಉಂಟೆಂದು ಗೊತ್ತಾದುದು 2015ರಲ್ಲಿ. ನೂರು ವರ್ಷ ದಾಟಿದ ಮೇಲೂ ತಜ್ಞರೇ ಕಲಿಯುತ್ತಿರುವ ವಿಷಯವಿದು, ನಮ್ಮಂಥವರು ನಾಚಬೇಕಾದುದಿಲ್ಲ.

ಇಲ್ಲಿ ಮುಖ್ಯವಾದ ಸಂಗತಿಯೊಂದಿದೆ. ಈ ಜೀವಿಗಳು ನೀರಿನಲ್ಲಿ ತೇಲಿಕೊಂಡಿರುವುದು ಅತ್ಯಲ್ಪ. ಅವು ಹರಳಿಗೆ, ಗಾಜಿಗೆ, ಫಿಲ್ಟರಿನ ಜಾಲರಿಗೆ ತೆಳ್ಳನೆಯ ಲೋಳೆಯಾಗಿ ಅಂಟಿಕೊಂಡು ಬಾಳುತ್ತವೆ. ಹೊಸ ತೊಟ್ಟಿಯಲ್ಲಿ ಅವು ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅದರಲ್ಲಿಯೂ ನಮ್ಮ ತೊಟ್ಟಿಯ ಫಿಲ್ಟರು ಹರಳಿನ ಕೆಳಗೆ ಹಾಸಿದ ಜಾಲರಿ. ಪಂಪಿನ ಗಾಳಿಯ ಸೆಳೆತಕ್ಕೆ ನೀರು ಹರಳಿನ ಸಂದಿಗಳಲ್ಲಿ ಇಳಿದು ಜಾಲರಿಯ ಕೊಳವೆಯಿಂದ ಮೇಲಕ್ಕೆ ಬರುತ್ತದೆ. ಎಂದರೆ ಹರಳೇ ಫಿಲ್ಟರು, ಜಾಲರಿ ಅದರ ಮಣೆ ಮಾತ್ರ. ಹರಳನ್ನು ಒಮ್ಮೆಗೇ ಎಸೆದು, ಜಾಲರಿಯನ್ನೂ ತಿಕ್ಕಿ ತೊಳೆದ ನಾವು ಮೀನುಗಳ ಜೀವಾಧಾರವನ್ನೇ ಚರಂಡಿಗೆ ಚೆಲ್ಲಿದ್ದೆವು. ಕನ್ನಡದಲ್ಲಿ ಕೊಳೆ ಎಂಬ ನಾಮಪದವೂ ಕೊಳೆ ಎಂಬ ಕ್ರಿಯಾಪದವೂ ಒಂದೇ ರೂಪದವು. ಪಾಠ ಹೇಳುವಾಗ ಎಷ್ಟೋ ಸಲ ಇದನ್ನು ಕರಿಹಲಗೆಯ ಮೇಲೆ ಬರೆದಿದ್ದೇವೆ. ಕೊಳೆಯುವುದನ್ನು ತಿಂದು ಅರಗಿಸುವ ಕೊಳೆಯೂ ಒಂದುಂಟೆಂದು ಮಾತ್ರ ಹೊಳೆದಿರಲಿಲ್ಲ.

ಎರಡನೆಯ ತಪ್ಪು ಆ ಬಿಳಿಯ ಚೂರುಗಳದು. ಅವು ಅಮೃತಶಿಲೆಯವು. ಪ್ರಯೋಗಶಾಲೆಯಲ್ಲಿ ವಿಜ್ಞಾನದ ಅಧ್ಯಾಪಕರು ಒಂದು ಚೂರಿನ ಮೇಲೆ ಸೌಮ್ಯ ಹೈಡ್ರೊಕ್ಲೋರಿಕ್ ಆಮ್ಲದ ಹನಿಯನ್ನು ಬಿಟ್ಟೊಡನೆ ಅದು ಬುಸುಬುಸು ನೊರೆಯುಕ್ಕಿಸಿತು. ಅಮೃತಶಿಲೆ ಕ್ಯಾಲ್ಸಿಯಂ ಕಾರ್ಬೊನೇಟು. ತೊಟ್ಟಿಯಲ್ಲಿ ಮೆಲ್ಲಮೆಲ್ಲನೆ ಕರಗುತ್ತ ನೀರನ್ನು ಗಡುಸು ಮಾಡುತ್ತದೆ, ಕ್ಷಾರದ ಕಡೆಗೂ ತಿರುಗಿಸುತ್ತದೆ. ನೀರು ಕ್ಷಾರವಾದಷ್ಟೂ ಅಮೋನಿಯದ ವಿಷವೇರುವುದರಿಂದ ನಮ್ಮ ಎರಡು ತಪ್ಪುಗಳೂ ಕೈಜೋಡಿಸಿದುವು. ನಲ್ಲಿಯ ನೀರಿನ ಕ್ಲೋರಿನ್ನನ್ನು ಹೋಗಲಾಡಿಸದೆ ತುಂಬಿದುದು ಮೂರನೆಯದು. ನೀರನ್ನು ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಡುವುದಕ್ಕೋ, ಸೋಡಿಯಂ ಥಯೊಸಲ್ಫೇಟಿನ ಒಂದೆರಡು ಹರಳು ಹಾಕುವುದಕ್ಕೋ ಏನು ಖರ್ಚು?

ಆದುದರಿಂದ ಈಗಿರುವ ಕಲ್ಲುಗಳು ಹೋಗಬೇಕೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಸಾಧಾರಣವಾಗಿ ನೆಲೆಗೊಂಡ ತೊಟ್ಟಿಯ ಹರಳನ್ನು ಬದಲಾಯಿಸಬೇಕಾದುದೇ ಇಲ್ಲ. ಅಗಲ ಬಾಯಿಯ ಕೊಳವೆಯಿಂದ ಕಸವನ್ನು ಹೀರಿ ತೆಗೆದರಾಯಿತು. ಬಣ್ಣ ಮಾಸಿತೆಂಬುದು ಕಾರಣವೇ ಅಲ್ಲ. ಹರಳು ಸುಣ್ಣಕಲ್ಲಿನದಾಗಿದ್ದರೆ, ಬಳಿದ ಬಣ್ಣ ನೀರಿಗೆ ಬಿಡುತ್ತಿದ್ದರೆ, ಇಲ್ಲವೆ ತಳದಲ್ಲಿ ಮೇಯುವ ಮೀನುಗಳ ಬಾಯಿಯನ್ನು ಗೀರುವಷ್ಟು ಚೂಪಾಗಿದ್ದರೆ ತೆಗೆಯಬೇಕು. ನಮ್ಮದು ಮೊದಲನೆಯ ಬಗೆ. ಆದರೆ ಈಗ ತೊಟ್ಟಿಯಲ್ಲಿರುವ ಗಪ್ಪಿ, ಪ್ಲಾಟಿ ಮೀನುಗಳು ಗಡುಸು ನೀರನ್ನು ಸಹಿಸಬಲ್ಲವು. ಮೂರು ವರ್ಷ ಸಹಿಸಿವೆ. ಇನ್ನೆರಡು ತಿಂಗಳು ಕಾಯುವುದರಿಂದ ಅವಕ್ಕೆ ಹಾನಿಯಿಲ್ಲ. ಅವಸರವಿರುವುದು ನಮಗೆ ಮಾತ್ರ.

ಸಭೆಯಲ್ಲಿ ಒಬ್ಬ ಹಿರಿಯರು, ಮೀನುಗಳನ್ನು ಎರಡು ದಿನ ಬಕೆಟ್ಟಿನಲ್ಲಿಟ್ಟು ಆಮೇಲೆ ಬಿಟ್ಟರಾಗದೆ ಎಂದು ಕೇಳಿದರು. ಎರಡು ದಿನವಲ್ಲ, ಎಂಟು ದಿನವಿಟ್ಟರೂ ಬರಿದಾದ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳು ಅಷ್ಟರಲ್ಲಿ ಬೆಳೆದು ನಿಲ್ಲುವುದಿಲ್ಲ. ಇತ್ತ ಬಕೆಟ್ಟಿಗೋ ಫಿಲ್ಟರೇ ಇಲ್ಲ. ಇನ್ನೊಬ್ಬರು, ಇಪ್ಪತ್ತು ಮೂವತ್ತು ರೂಪಾಯಿಯ ಮೀನು, ಸತ್ತರೆ ಬೇರೆ ತಂದರಾಯಿತು ಎಂದರು. ಅವರ ಮೇಲೆ ನಮಗೆ ಗೌರವವಿದೆ, ಶಾಲೆಗಾಗಿ ಅವರು ಪಟ್ಟ ಶ್ರಮವನ್ನು ಬಲ್ಲೆವು. ಆದರೂ ಈ ಮಾತನ್ನು ಮಕ್ಕಳ ಕಿವಿಗೆ ಬೀಳುವಂತೆ ಆಡಬಾರದಾಗಿತ್ತು. ಮೀನುಗಳನ್ನು ಸಾಕುವುದೇ ಬೇಡ, ತೊಟ್ಟಿಯನ್ನು ಯಾರಿಗಾದರೂ ಕೊಟ್ಟುಬಿಡಿ ಎಂಬ ಮೂರನೆಯ ಪಕ್ಷವೂ ಇದೆ. ಅದರಲ್ಲಿ ದಯೆಯಿದೆಯೆಂದು ಒಪ್ಪುತ್ತೇವೆ. ಆದರೆ ಈ ನಗರದ ಎರಡು ಕೋಣೆಯ ಮನೆಗಳಿಂದ ಬರುವ ನಮ್ಮ ಮಕ್ಕಳಲ್ಲಿ ಕೆರೆಯನ್ನೋ ಬಾವಿಯನ್ನೋ ಬಗ್ಗಿ ನೋಡಿದವರು ಎಷ್ಟು ಮಂದಿ? ಹಿರಿಯರಿಗಾದರೋ 1951ರಲ್ಲಿ ತೆರೆದ ತಾರಾಪೊರವಾಲಾ ಮತ್ಸ್ಯಾಲಯವನ್ನು ಮಕ್ಕಳಾಗಿದ್ದಾಗ ಕಂಡ ನೆನಪಿದೆ. ಇವರಿಗೆ ನೀರೊಳಗಿನ ಬಾಳನ್ನು ದಿನವೂ ನೋಡಲು ದೊರೆತಿರುವುದು ಈ ಮೂರು ಅಡಿಯ ಗಾಜು.

ಇನ್ನು ಕೆಲಸದ ಕ್ರಮ. ತಳದಲ್ಲಿ ಎರಡು ಅಂಗುಲ ದಪ್ಪಕ್ಕೆ ಸುಮಾರು ಇಪ್ಪತ್ತು ಕಿಲೋ ಹರಳು ಬೇಕಾಗುತ್ತದೆ. ಮೂರರಿಂದ ಐದು ಮಿಲಿಮೀಟರಿನ, ಮೂಲೆಗಳು ಸವೆದ ನದಿಯ ಹರಳನ್ನು ತಂದು, ಮೊದಲು ಆಮ್ಲದ ಹನಿಯಿಂದ ಪರೀಕ್ಷಿಸಬೇಕು. ಬಳಿಕ ಸಾಬೂನು ತಾಗಿಸದೆ, ನೀರು ತಿಳಿಯಾಗುವ ತನಕ ತೊಳೆಯಬೇಕು. ಹೊಸ ಹರಳನ್ನು ನಲ್ಲಿಯ ನೀರಿನಲ್ಲಿ ಎಷ್ಟು ತೊಳೆದರೂ ದೋಷವಿಲ್ಲ, ಅದರಲ್ಲಿ ಕಳೆದುಕೊಳ್ಳುವುದೇನೂ ಇಲ್ಲ. ತೊಟ್ಟಿಯ ತಳವನ್ನು ನಾಲ್ಕು ಪಾಲು ಮಾಡಿ, ಹದಿನೈದು ದಿನಕ್ಕೊಂದು ಪಾಲಿನಂತೆ ಬದಲಾಯಿಸುವುದು. ಕೈಹಾಕುವ ಮುನ್ನ ವಿದ್ಯುತ್ತಿನ ಸ್ವಿಚ್ಚು ಆರಿಸಿರಬೇಕು. ಇದು ಮಕ್ಕಳಿಗಿಂತ ಹೆಚ್ಚಾಗಿ ನಮ್ಮಂಥ ಮರೆಗುಳಿಗಳಿಗೆ ಹೇಳುವ ಮಾತು. ಹಳೆಯ ಕಲ್ಲನ್ನು ಕೈಯಿಂದ ಬಾಚಿದರೆ ಅಡಿಯ ಹೊಲಸೆಲ್ಲ ಎದ್ದು ನೀರು ಕದಡುತ್ತದೆ. ದಪ್ಪನೆಯ ರಬ್ಬರು ಕೊಳವೆಯಲ್ಲಿ ನೀರು ತುಂಬಿ ಇಳಿಬಿಟ್ಟರೆ ಸಣ್ಣ ಕಲ್ಲೂ ಕಸವೂ ನೀರಿನೊಡನೆ ಕೆಳಗಿನ ಬಕೆಟ್ಟಿಗೆ ಇಳಿಯುತ್ತವೆ. ಕೊಳವೆಯಲ್ಲಿ ಹಾಯದ ದಪ್ಪ ಚೂರುಗಳನ್ನು ಒಂದೊಂದಾಗಿ ಹೆಕ್ಕಬೇಕು. ಜಾಲರಿಯನ್ನು ಅಲುಗಿಸಬಾರದು, ತೊಳೆಯಲೂ ಬಾರದು.

ಮರೆಯಲಾಗದ ಅಂಶವೊಂದಿದೆ. ತೆರವಾದ ಪಾಲನ್ನು ಅಂದೇ ಹೊಸ ಹರಳಿನಿಂದ ಮುಚ್ಚಿಬಿಡಬೇಕು. ಜಾಲರಿಯ ಒಂದು ಭಾಗ ಬರಿದಾಗಿದ್ದರೆ ನೀರು ಅಡ್ಡಿಯಿಲ್ಲದ ಆ ದಾರಿಯನ್ನೇ ಹಿಡಿಯುತ್ತದೆ, ಉಳಿದ ಮೂರು ಪಾಲಿನೊಳಗೆ ಇಳಿಯುವುದೇ ಇಲ್ಲ. ಅಲ್ಲಿನ ಸೂಕ್ಷ್ಮಜೀವಿಗಳಿಗೆ ಆಮ್ಲಜನಕ ಸಿಗದೆ ಹೋಗುತ್ತದೆ. ತೆಗೆದ ಕಲ್ಲಿನಲ್ಲಿ ಎರಡು ಹಿಡಿಯಷ್ಟನ್ನು ನೈಲಾನು ಚೀಲದಲ್ಲಿ ಕಟ್ಟಿ ಹೊಸ ಹರಳಿನ ಮೇಲೆಯೇ ಇಟ್ಟರೆ, ಹಳೆಯ ಒಕ್ಕಲು ಹೊಸ ನೆಲಕ್ಕೆ ಬೇಗ ಹಬ್ಬುತ್ತದೆ. ಕೊನೆಯ ಪಾಲು ಮುಗಿದು ಎರಡು ವಾರವಾದ ಮೇಲೆ ಚೀಲಗಳನ್ನು ತೆಗೆಯಬಹುದು. ಈ ಅವಧಿಯಲ್ಲಿ ಆಹಾರವನ್ನು ಅರ್ಧಕ್ಕೆ ಇಳಿಸಬೇಕು. ಹನಿಗಳನ್ನು ಬೆರೆಸಿ ಬಣ್ಣ ನೋಡುವ ಪರೀಕ್ಷೆಯ ಸಾಮಗ್ರಿ ಅಂಗಡಿಗಳಲ್ಲಿ ದೊರೆಯುತ್ತದೆ. ದಿನ ಬಿಟ್ಟು ದಿನ ಅಮೋನಿಯವನ್ನೂ ನೈಟ್ರೈಟನ್ನೂ ಅಳೆದು ಬರೆದಿಡಬೇಕು. ಎರಡೂ ಸೊನ್ನೆಯಾಗಿದ್ದರೆ ಮುಂದಿನ ಪಾಲು. ಇಲ್ಲವಾದರೆ ಕಾಲುಭಾಗ ನೀರು ಬದಲಾಯಿಸಿ ಕಾಯುವುದು. ಪಂಚಾಂಗ ನೋಡಿ ಮಾಡುವ ಕೆಲಸ ಇದಲ್ಲ.

ಮೊದಲ ಪಾಲಿನಿಂದ ಚೀಲ ತೆಗೆಯುವವರೆಗೆ ಎಂಟು ವಾರ. ಬೇಸಗೆಯ ರಜೆಯಲ್ಲಿ ನೋಡಿಕೊಳ್ಳುವವರಿಲ್ಲದುದರಿಂದ ಅದಕ್ಕೆ ಮೊದಲೇ ಮುಗಿಯಬೇಕು. ಈ ಉತ್ಸವಕ್ಕೆ ತೊಟ್ಟಿ ಈಗಿರುವಂತೆಯೇ, ಕಂದಿದ ಕಲ್ಲುಗಳೊಡನೆಯೇ ಇರಲಿ. ಅತಿಥಿಗಳು ಕಾರಣ ಕೇಳಿದರೆ ಈ ಪುಟವನ್ನು ತೋರಿಸಬಹುದು. ಉತ್ಸವ ಮುಗಿದ ಮರುವಾರ ಮೊದಲ ಪಾಲನ್ನು ತೆಗೆಯಲು ಅನುಮತಿ ದೊರೆಯಬೇಕೆಂದು ವ್ಯವಸ್ಥಾಪಕ ಮಂಡಳಿಯಲ್ಲಿ ನಮ್ಮ ಅರಿಕೆ. ಅಂದು ಪ್ರಶ್ನೆ ಕೇಳಿದ ಹುಡುಗಿ ಈಗ ಹತ್ತನೆಯ ತರಗತಿಯಲ್ಲಿದ್ದಾಳೆ. ನಾವು ಹೇಳಿದ ಉತ್ತರ ತಪ್ಪಾಗಿತ್ತೆಂದು ಕಳೆದ ವಾರ ಅವಳನ್ನು ಕರೆದು ತಿಳಿಸಿದೆವು. ಮೊದಲ ಪಾಲಿನ ಕೊಳವೆಯನ್ನು ತಾನೇ ಹಿಡಿಯುವೆನೆಂದಳು. ಪರೀಕ್ಷೆಯ ಓದಿಗೆ ಅಡ್ಡಿಯಾಗದಂತೆ ಶನಿವಾರ ಮಧ್ಯಾಹ್ನ ಇಟ್ಟುಕೊಳ್ಳಬೇಕೆಂದೂ ಹೇಳಿದಳು.