ಹೊಳಪಿಗೆ ಮರುಳಾಗದಿರಿ

ಊರಿಗೆ ಹೊರಡುವ ನಮ್ಮ ಹೋಟೆಲ್ ಬಂಧುಗಳಿಗೂ ಗುಮಾಸ್ತ ಮಿತ್ರರಿಗೂ ಒಂದು ಚರ್ಮದ ಚೀಲ ಕೈಯಲ್ಲಿರಬೇಕೆಂಬ ಆಸೆ ಸಹಜ. ಒಳ್ಳೆಯ ಚೀಲ ಕಂಡರೆ ಮುಂಬಯಿಯಲ್ಲಿ ಇವನ ಬಾಳು ಹಸನಾಗಿದೆಯೆಂದು ಊರವರು ಭಾವಿಸುತ್ತಾರೆ. ಈ ಆಸೆಯನ್ನು ಬಲ್ಲ ವ್ಯಾಪಾರಿಗಳೂ ಇದ್ದಾರೆ.

ಗಲ್ಲಾದಲ್ಲಿ ಕುಳಿತಿದ್ದ ಕಾಲದಲ್ಲಿ ನಾವೇ ಮೋಸಹೋದೆವು. ಹೊಳಪು ಕಂಡು ಕೊಂಡ ಚೀಲದ ಹಿಡಿ ಎರಡನೆಯ ಪ್ರಯಾಣದಲ್ಲಿ ಉಡುಪಿ ನಿಲ್ದಾಣದಲ್ಲೇ ಕಿತ್ತುಬಂದಿತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮೇಲ್ಮೈ ಸಿಪ್ಪೆಯಂತೆ ಸುಲಿಯಿತು. ಚರ್ಮದ ಚೂರುಗಳನ್ನು ಅರೆದು, ಅಂಟಿನಿಂದ ಕೂಡಿಸಿ, ಮೇಲೆ ಪ್ಲಾಸ್ಟಿಕ್ ಲೇಪಿಸಿದ ಹಾಳೆಯದು. ಅದನ್ನೂ ಚರ್ಮವೆಂದೇ ಮಾರುತ್ತಾರೆ.

ಧಾರಾವಿಯ ಅಂಗಡಿಗಳಲ್ಲಿ ಅಸಲಿಯೂ ಉಂಟು, ನಕಲಿಯೂ ಉಂಟು. ಕತ್ತರಿಸಿದ ಅಂಚನ್ನು ನೋಡಿರಿ: ಅಸಲಿ ಚರ್ಮದಲ್ಲಿ ನಾರು ಕಾಣುವುದು, ರೆಕ್ಸಿನ್‌ನಲ್ಲಿ ಬಟ್ಟೆಯ ಪದರ. ಗೆರೆ, ರಂಧ್ರಗಳು ಎಲ್ಲೆಡೆ ಒಂದೇ ಸಮನಾಗಿದ್ದರೆ ಯಂತ್ರದ ಅಚ್ಚೆಂದು ಸಂಶಯಿಸಿರಿ. ಭಾರವೆಲ್ಲ ಬೀಳುವ ಹಿಡಿಯ ಬುಡದಲ್ಲಿ ಒತ್ತಾದ ಹೊಲಿಗೆಯೊಡನೆ ರಿವೆಟ್ಟೂ ಇರಲಿ. ಜಿಪ್ಪನ್ನು ಹತ್ತು ಬಾರಿ ಎಳೆಯಿರಿ. ಅಂಗಡಿಯಲ್ಲಿ ಸಂಕೋಚಪಟ್ಟವನು ಪ್ಲಾಟ್‌ಫಾರಂನಲ್ಲಿ ಪರಿತಪಿಸಬೇಕಾದೀತು.

ಅಸಲಿ ಚರ್ಮಕ್ಕೆ ಹಣ ಸಾಲದಿದ್ದರೆ? ಗಟ್ಟಿಯಾದ ಕ್ಯಾನ್‌ವಾಸ್ ಚೀಲವೇ ಲೇಸೆಂಬುದು ನಮ್ಮ ಖಚಿತ ಅಭಿಪ್ರಾಯ. ನಕಲಿ ಚರ್ಮಕ್ಕೆ ಹಣ ಸುರಿಯುವುದೂ, ಅಸಲಿಗಾಗಿ ಸಂಬಳದ ಮೇಲೆ ಮುಂಗಡ ಪಡೆಯುವುದೂ ಬೇಡ. ಊರವರು ಚೀಲವನ್ನು ನೋಡಿಯಾರು. ತಾಯಿ ನೋಡುವುದು ಮಗನ ಮುಖವನ್ನು. ಸಾಲದ ಚಿಂತೆಯಿಂದ ಅದು ಬಾಡದಿರಲಿ.