ವಿಲೀನದ ಲೆಕ್ಕದಲ್ಲಿ ಬಿಟ್ಟುಹೋದ ಬ್ಯಾಂಕು

ದೇಶಕ್ಕೆ ವಿಶ್ವದರ್ಜೆಯ ದೊಡ್ಡ ಬ್ಯಾಂಕುಗಳು ಬೇಕು, ರಿಸರ್ವ್ ಬ್ಯಾಂಕಿನ ಜೊತೆ ಮಾತುಕತೆ ನಡೆದಿದೆ ಎಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ 2025ರ ನವೆಂಬರಿನಲ್ಲಿ ಹೇಳಿದ್ದೇ ತಡ, 2020ರ ವಿಲೀನವನ್ನು ಸಾಕ್ಷಿಕಟ್ಟೆಗೆ ಎಳೆದು ತರುವವರು ಹೆಚ್ಚಾಗಿದ್ದಾರೆ. ಸಿಂಡಿಕೇಟ್ ಬ್ಯಾಂಕನ್ನು ಸೇರಿಸಿಕೊಂಡ ಕೆನರಾ ಬ್ಯಾಂಕಿನ ಷೇರು ನೋಡಿ, ಎನ್‌ಪಿಎ, ಅಂದರೆ ವಸೂಲಾಗದ ಸಾಲದ ಪ್ರಮಾಣ, ನೋಡಿ ಎನ್ನುತ್ತಾರೆ. ನೋಡಿದ್ದೇವೆ. ಅದರಿಂದ ವಿಲೀನದ ಬಗ್ಗೆ ಏನೂ ಸಾಬೀತಾಗುವುದಿಲ್ಲ.

ಕೆನರಾ ಬ್ಯಾಂಕಿನ ಒಟ್ಟು ಎನ್‌ಪಿಎ 2020ರ ಮಾರ್ಚಿನಲ್ಲಿ ಶೇ 8.21 ಇತ್ತು, 2025ರ ಮಾರ್ಚಿಗೆ ಶೇ 2.94ಕ್ಕೆ ಇಳಿಯಿತು. ಒಳ್ಳೆಯದೇ. ಆದರೆ ಯಾರ ಜೊತೆಗೂ ಸೇರದೆ ತನ್ನ ಪಾಡಿಗೆ ಉಳಿದ ಬ್ಯಾಂಕ್ ಆಫ್ ಮಹಾರಾಷ್ಟ್ರದಲ್ಲಿ ಅದೇ ಐದು ವರ್ಷಗಳಲ್ಲಿ ಈ ಪ್ರಮಾಣ ಶೇ 12.81ರಿಂದ ಶೇ 1.74ಕ್ಕೆ ಬಂತು. ಇಂಡಿಯನ್ ಓವರ್‌ಸೀಸ್ ಬ್ಯಾಂಕಿನಲ್ಲಿ ಶೇ 14.78ರಿಂದ ಶೇ 2.14ಕ್ಕೆ. ಅದೂ ವಿಲೀನವಾಗಿರಲಿಲ್ಲ. ದಿವಾಳಿ ಸಂಹಿತೆ, ಸರ್ಕಾರ ಸುರಿದ ಬಂಡವಾಳ, ಲೆಕ್ಕದಿಂದ ಹೊಡೆದುಹಾಕಿದ ಹಳೆಯ ಸಾಲ, ಇವೆಲ್ಲ ಎಲ್ಲ ಬ್ಯಾಂಕುಗಳಿಗೂ ಸಿಕ್ಕಿದ್ದವು. ವಿಲೀನದ ಯಶಸ್ಸು ಹಾಡುವವರ ಬಾಯಲ್ಲಿ ಈ 1.74 ಎಂಬ ಅಂಕಿ ಒಮ್ಮೆಯೂ ಬರುವುದಿಲ್ಲ.

ಸಂಶೋಧನೆ ಎಂಬ ಹೆಸರಿನಲ್ಲಿ ಬರುವುದೂ ಬಹುಪಾಲು ಹೀಗೆಯೇ. ವಿಲೀನಕ್ಕೆ ಮುಂಚಿನ ಮೂರು ವರ್ಷ, ಆಮೇಲಿನ ಮೂರು ವರ್ಷ. ಲಾಭದ ಅನುಪಾತಗಳನ್ನು ಎರಡು ಕಾಲಂನಲ್ಲಿ ಹಾಕಿ ಒಂದು ಟಿ-ಟೆಸ್ಟ್ ಮಾಡಿದರೆ ಎಂಬಿಎ ಪ್ರಾಜೆಕ್ಟ್ ಮುಗಿಯಿತು. ಮೂರನೆಯ ಕಾಲಂ, ಅಂದರೆ ವಿಲೀನವಾಗದ ಬ್ಯಾಂಕಿನದ್ದು, ಇರುವುದೇ ಇಲ್ಲ.

ಷೇರಿನ ಕಥೆಯಲ್ಲಿ ಇನ್ನೊಂದು ಕೈಚಳಕವಿದೆ. ವಿಲೀನ ಜಾರಿಯಾದ 2020ರ ಏಪ್ರಿಲ್ 1ರಿಂದ ಎಣಿಸಿದರೆ ಕೆನರಾ ಷೇರಿನ ಓಟ ಕಣ್ಣು ಕುಕ್ಕುತ್ತದೆ. ಅದು ಲಾಕ್‌ಡೌನಿನ ಎರಡನೇ ವಾರ. ಷೇರು ನೂರು ರೂಪಾಯಿಯ ಕೆಳಗೆ ಬಿದ್ದಿತ್ತು. ವಿಲೀನ ಘೋಷಣೆಯಾದ 2019ರ ಆಗಸ್ಟ್ 30ರಂದು ಅದೇ ಷೇರು ಇನ್ನೂರರ ಮೇಲಿತ್ತು. ಎಣಿಕೆಯ ದಿನ ಬದಲಿಸಿದರೆ ಸಾಕು, ಹೊಗಳಿಕೆ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಘೋಷಣೆಯ ಬೆನ್ನಿಗೆ ವಹಿವಾಟು ನಡೆದ ಮೊದಲ ದಿನ, ಸೆಪ್ಟೆಂಬರ್ 3ರಂದು, ಸೆನ್ಸೆಕ್ಸ್ 770 ಅಂಶ, ಅಂದರೆ ಶೇ 2ರಷ್ಟು, ಕುಸಿಯಿತು. ಕೆನರಾ ಬಿದ್ದದ್ದು ಶೇ 10ರ ಆಸುಪಾಸು. ಪೇಟೆಯ ಕುಸಿತ ಕಳೆದರೂ ಉಳಿಯುವ ಶೇ 8ರಷ್ಟು ಪೆಟ್ಟೇ ಹೂಡಿಕೆದಾರರು ಈ ಸಂಬಂಧಕ್ಕೆ ಕಟ್ಟಿದ ಬೆಲೆ. ಅದಕ್ಕೂ ಹಿಂದಿನ ವರ್ಷದ ನಿದರ್ಶನ ಇನ್ನೂ ಸ್ಪಷ್ಟ. ದೇನಾ, ವಿಜಯಾ ಬ್ಯಾಂಕುಗಳನ್ನು ಬ್ಯಾಂಕ್ ಆಫ್ ಬರೋಡಾದ ಜೊತೆ ಸೇರಿಸುವ ಘೋಷಣೆಯ ಮರುದಿನ, 2018ರ ಸೆಪ್ಟೆಂಬರ್ 18ರಂದು, ಹುಳುಕು ಸಾಲದ ದೇನಾ ಬ್ಯಾಂಕ್ ಷೇರು ಶೇ 20ರಷ್ಟು ಏರಿತು, ಬ್ಯಾಂಕ್ ಆಫ್ ಬರೋಡಾ ಶೇ 16ರಷ್ಟು ಇಳಿಯಿತು. ಹಿಂದಿನ ವರ್ಷ 727 ಕೋಟಿ ರೂಪಾಯಿ ಲಾಭ ಮಾಡಿದ್ದ, ನಮ್ಮ ಕರಾವಳಿಯ ವಿಜಯಾ ಬ್ಯಾಂಕಿನ ಷೇರೂ ಅಂದು ಇಳಿಯಿತು. ಯಾರು ಯಾರ ಸಾಲ ಹೊತ್ತರೆಂದು ಪೇಟೆ ಒಂದೇ ದಿನದಲ್ಲಿ ಓದಿಬಿಟ್ಟಿತ್ತು.

ಉಡುಪಿಯಲ್ಲಿ ಹುಟ್ಟಿದ ಎರಡು ಬ್ಯಾಂಕುಗಳು, 1906ರ ಕಾರ್ಪೊರೇಷನ್ ಮತ್ತು 1925ರ ಸಿಂಡಿಕೇಟ್, 2020ರ ಆ ಏಪ್ರಿಲ್ 1ರಂದು, ಒಂದೇ ದಿನ, ಹೆಸರು ಕಳೆದುಕೊಂಡವು. ಭಾವನೆ ಬದಿಗಿರಲಿ, ಲೆಕ್ಕಕ್ಕೆ ಬನ್ನಿ. ಸಿಂಡಿಕೇಟಿನ ಸಾವಿರ ಷೇರಿಗೆ ಕೆನರಾದ 158 ಷೇರು ಎಂದು ನಿಗದಿಯಾಯಿತು. ಕಾಪುವಿನಲ್ಲೋ ಕಾರ್ಕಳದಲ್ಲೋ ನೂರು ಷೇರು ಇಟ್ಟುಕೊಂಡು ಕೂತ ನಿವೃತ್ತ ಮೇಷ್ಟ್ರ ಪಾಲಿಗೆ ಬಂದದ್ದು 15 ಷೇರು, ಉಳಿದ ಚೂರಿಗೆ ನಗದು. 1999ರ ಐಪಿಒದಲ್ಲಿ ಹತ್ತು ರೂಪಾಯಿಯಂತೆ ಸಾವಿರ ಷೇರು ಕೊಂಡವರನ್ನು ತೆಗೆದುಕೊಳ್ಳಿ. ಅವರ 158 ಷೇರು, 2024ರ ಮೇ ತಿಂಗಳಲ್ಲಿ ಒಂದೊಂದು ಷೇರೂ ಐದಾಗಿ ವಿಭಜನೆಯಾದ ಮೇಲೆ, 790 ಆಗಿದೆ. ಷೇರಿಗೆ 140 ರೂಪಾಯಿ ಹಿಡಿದರೂ 1,10,600 ರೂಪಾಯಿ. ಡಿವಿಡೆಂಡ್ ಬಿಟ್ಟರೆ 26 ವರ್ಷದಲ್ಲಿ ಹನ್ನೊಂದು ಪಟ್ಟು. 1999ರ ಕೊನೆಗೆ ಐದು ಸಾವಿರದಲ್ಲಿದ್ದ ಸೆನ್ಸೆಕ್ಸ್ 2025ರ ನವೆಂಬರಿನಲ್ಲಿ 85 ಸಾವಿರದ ಹತ್ತಿರವಿತ್ತು. ಹದಿನೇಳು ಪಟ್ಟು. ಈ ಹಿನ್ನಡೆಗೆಲ್ಲ ವಿಲೀನವೇ ಕಾರಣ ಎಂದು ನಾನೂ ಹೇಳಲಾರೆ. ಹಾಗೆಂದರೆ ನಾನು ಟೀಕಿಸುತ್ತಿರುವ ತಪ್ಪನ್ನೇ ತಿರುಗಿಸಿ ಮಾಡಿದಂತೆ. ಆದರೆ ಸಿಂಡಿಕೇಟಿನ ಹಳೆಯ ಷೇರುದಾರರು ವಿಲೀನದಿಂದ ಉದ್ಧಾರವಾದರು ಎಂದು ಯಾರೂ ಭಾಷಣ ಬಿಗಿಯಬೇಕಿಲ್ಲ.

ಮುಂದಿನ ಸುತ್ತಿನ ಹೆಸರುಗಳ ಪಟ್ಟಿ ಅಧಿಕೃತವಾಗಿಲ್ಲ. ಪತ್ರಿಕೆಗಳಲ್ಲಿ ಓಡಾಡುತ್ತಿರುವ ಹೆಸರುಗಳಲ್ಲಿ ಇಂಡಿಯನ್ ಓವರ್‌ಸೀಸ್ ಬ್ಯಾಂಕೂ ಇದೆ, ಬ್ಯಾಂಕ್ ಆಫ್ ಮಹಾರಾಷ್ಟ್ರವೂ ಇದೆ. ಅವೂ ಕರಗಿದರೆ ಹೋಲಿಸಿ ನೋಡಲು ಆ ಮೂರನೆಯ ಕಾಲಂ ತುಂಬಿಸುವ ಬ್ಯಾಂಕೇ ಉಳಿಯುವುದಿಲ್ಲ. ಆಗ ವಿಲೀನ ಗೆದ್ದಿತೆಂದು ಬರೆಯುವುದು ಇನ್ನೂ ಸುಲಭ.